ಹಿಮ ಕಾಣದ ನಾಡೂ ಹಿಮದ ಆಟವೂ

ಬೆಟ್ಟದಪುರದಲ್ಲಿ ಸಿಡಿಲು ಮಲ್ಲಿಕಾರ್ಜುನನ ಬೆಟ್ಟವನ್ನು ಮಾಗಿಯ ಬೆಳಗಿನಲ್ಲಿ ಹತ್ತಿದವರು ಮಂಜನ್ನು ಕಂಡಿದ್ದಾರೆ. ನೆಲ ಮುಚ್ಚುವ ಹಿಮವನ್ನಲ್ಲ. ಚಳಿಗಾಲದ ಏಷ್ಯನ್ ಕ್ರೀಡಾಕೂಟವೆಂದರೆ ನಮಗೆ ದೂರದ ವಾರ್ತೆ. 2025ರ ಫೆಬ್ರುವರಿಯಲ್ಲಿ ಚೀನದ ಹಾರ್ಬಿನ್ ನಗರವು, 1996ರ ಬಳಿಕ ಎರಡನೆಯ ಬಾರಿ, ಈ ಕೂಟವನ್ನು ನಡೆಸಿತು. ಮಂಜುಗಡ್ಡೆಯ ಆಟಗಳು ನಗರದಲ್ಲಿ; ಹಿಮದ ಆಟಗಳು ಸುಮಾರು 200 ಕಿಲೋಮೀಟರು ದೂರದ ಯಾಬುಲಿಯಲ್ಲಿ. ಆತಿಥೇಯ ಚೀನ 32 ಚಿನ್ನ ಸೇರಿ 85 ಪದಕ ಗಳಿಸಿತು. ದಕ್ಷಿಣ ಕೊರಿಯಕ್ಕೆ 16 ಚಿನ್ನ, ಜಪಾನಿಗೆ 10. ಭಾರತಕ್ಕೆ ಪದಕವಿಲ್ಲ. ಹಿಮವಿದ್ದಲ್ಲಿ ಅಂಕಣ, ಅಂಕಣವಿದ್ದಲ್ಲಿ ಅಭ್ಯಾಸ. ಇದರಲ್ಲಿ ಅಚ್ಚರಿಯೇನೂ ಇಲ್ಲ.

ಅಚ್ಚರಿ ಬಂದದ್ದು ಅದೇ ವರ್ಷ ಚಿಲಿ ದೇಶದಿಂದ. ನಮ್ಮ ನೆರೆಯ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅಲ್ಲಿ 5 ಕಿಲೋಮೀಟರಿನ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಇದು ಬರಿಯ ಜಾರಾಟವಲ್ಲ. ಏರನ್ನು ಹತ್ತಲೂಬೇಕು, ಉಸಿರು ಗಟ್ಟಿಯಿರಬೇಕು. ಒಬ್ಬೊಬ್ಬರನ್ನೇ ನಿಯತ ಅಂತರದಲ್ಲಿ ಬಿಡುವ ಪದ್ಧತಿಯೂ ಉಂಟು. ಆಗ ಗಡಿಯಾರವೇ ಎದುರಾಳಿ. ಹಿಮವಿಲ್ಲದ ತಿಂಗಳುಗಳಲ್ಲಿ ಈ ಕ್ರೀಡಾಪಟುಗಳು ಕಾಲಿಗೆ ಗಾಲಿಯ ಸ್ಕೀ ಕಟ್ಟಿಕೊಂಡು ಡಾಂಬರು ರಸ್ತೆಯಲ್ಲಿ ಅಭ್ಯಾಸ ಮಾಡುತ್ತಾರೆ. ರಸ್ತೆಯಾದರೋ ನಮ್ಮಲ್ಲೂ ಇದೆ. ಅದರ ಹೊಂಡಗಳ ಮಾತು ಬೇರೆ.