ಹುದ್ದೆ ದೊಡ್ಡದಾಯಿತು, ಓ.ಟಿ. ನಿಂತಿತು, ರಕ್ತದೊತ್ತಡ ಏರಿತು!

ತಲೆನೋವು, ನಿದ್ರಾಹೀನತೆ, ಎದೆಯುರಿ ಎಂದು ಬರುವವರನ್ನು ಊಟ-ತಿಂಡಿಯ ಬಗ್ಗೆ ವಿಚಾರಿಸಿದರಷ್ಟೇ ಸಾಲದು. ‘ದಿನಕ್ಕೆ ಎಷ್ಟು ಗಂಟೆ ಕೆಲಸ?’ ಎಂದೂ ಕೇಳಬೇಕು. ‘ಸೂಪರ್‌ವೈಸರ್ ಆದ ಮೇಲೆ ಹನ್ನೆರಡು ಗಂಟೆ, ಓ.ಟಿ. ಮಾತ್ರ ಇಲ್ಲ’ ಎಂಬ ಉತ್ತರ ಅಪರೂಪವೇನಲ್ಲ.

ಅತಿ ದುಡಿಮೆ ದೇಹಕ್ಕೆ ಏನು ಮಾಡುತ್ತದೆ? ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ವರದಿಯಂತೆ, ವಾರಕ್ಕೆ 35-40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಅಧಿಕ. ಒತ್ತಡದಿಂದ ರಕ್ತದೊತ್ತಡ ಏರುತ್ತದೆ. ನಿದ್ದೆ ಕಡಿಮೆಯಾಗುತ್ತದೆ. ಹೊತ್ತಲ್ಲದ ಹೊತ್ತಿನ ಊಟ, ಬೀಡಿ-ಸಿಗರೇಟು ಜೊತೆಗೂಡುತ್ತವೆ.

ಇದಕ್ಕೂ ಓ.ಟಿ.ಗೂ ಏನು ಸಂಬಂಧ? ಹೆಚ್ಚಿನ ಗಂಟೆಗೆ ಇಮ್ಮಡಿ ಕೂಲಿ ಕೊಡಬೇಕಾದಾಗ ಮಾಲೀಕರು ಎರಡು ಸಲ ಯೋಚಿಸುತ್ತಾರೆ. ಅದೇ ಅತಿ ದುಡಿಮೆಗೆ ಹಾಕಿದ ಕಡಿವಾಣ. 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆ ಮೀರಿದರೆ ಇಮ್ಮಡಿ ದರ ವಿಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳೂ ಇಮ್ಮಡಿ ದರವನ್ನು ಉಳಿಸಿಕೊಂಡಿವೆ.

ಆದರೆ ಕೆಲಸದ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯ ವ್ಯಾಖ್ಯೆಯಲ್ಲಿ ಮುಖ್ಯವಾಗಿ ಆಡಳಿತದ ಕೆಲಸ ಮಾಡುವವರು, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನದ ಮೇಲ್ವಿಚಾರಕರು ‘ಕಾರ್ಮಿಕ’ರಲ್ಲ. ಎಡವಟ್ಟಾಗುವುದು ಇಲ್ಲೇ. ಯಂತ್ರದ ಮುಂದೆ ನಿಂತವನಿಗೇ ‘ಅಧಿಕಾರಿ’ ಎಂಬ ಬಿಲ್ಲೆ ಅಂಟಿಸಿದರೆ ಕಡಿವಾಣ ಕಳಚಿದಂತೆ.

ಬರೀ ಹೆಸರು ಸಾಲದು. ಕೈಗಾರಿಕಾ ವಿವಾದ ಕಾಯ್ದೆಯಡಿ ಬಂದ ಸಿಬಾ ಗೈಗಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ, ನೌಕರನ ಪ್ರಧಾನ ಕೆಲಸ ಯಾವುದೆಂದು ನೋಡಬೇಕು ಎಂದಿತು. ನಿಮ್ಮನ್ನೇ ಕೇಳಿಕೊಳ್ಳಿ: ರಜೆ ಮಂಜೂರು ಮಾಡುವ, ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರ ನನಗಿದೆಯೇ? ದಿನದ ಬಹುಪಾಲು ನಾನೇ ಕೈಯಾರೆ ದುಡಿಯುತ್ತೇನೆಯೇ?

ಏನು ಮಾಡಬೇಕು?

* ಕೆಲಸಕ್ಕೆ ಹೋದ, ಬಿಟ್ಟ ವೇಳೆಯನ್ನು ದಿನವೂ ಡೈರಿಯಲ್ಲಿ ಬರೆಯಿರಿ.
* ನೇಮಕಾತಿ ಪತ್ರ, ಸಂಬಳದ ಚೀಟಿ ಜೋಪಾನ ಮಾಡಿ. ಸಂಶಯವಿದ್ದರೆ ಕಾರ್ಮಿಕ ಸಂಘ ಅಥವಾ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.
* ರಕ್ತದೊತ್ತಡ ಪರೀಕ್ಷಿಸಿಕೊಳ್ಳಿ. ಏಳು ಗಂಟೆ ನಿದ್ದೆಗೆ ಕತ್ತರಿ ಹಾಕಬೇಡಿ.
* ಎದೆನೋವು, ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಮನೆಯವರೂ ಗಮನಿಸಲಿ. ಬಡ್ತಿ ಸಿಕ್ಕಿತೆಂದು ಸಿಹಿ ಹಂಚುವ ಮೊದಲು, ‘ಕೆಲಸದ ಗಂಟೆ ಎಷ್ಟು?’ ಎಂದು ಒಂದು ಮಾತು ಕೇಳಿ.