ಮದ್ಯವನ್ನು ಬಯಸುವ ಇಲಿ, ಒಲ್ಲದ ಇಲಿ

ಪಂಜರವೊಂದರಲ್ಲಿ ಎರಡು ಸೀಸೆಗಳಿವೆ. ಒಂದರಲ್ಲಿ ಬರಿಯ ನೀರು. ಇನ್ನೊಂದರಲ್ಲಿ ಶೇಕಡಾ 10ರಷ್ಟು ಆಲ್ಕೊಹಾಲ್ ಬೆರೆತ ನೀರು. ಒಳಗಿರುವ ಇಲಿ ಯಾವುದನ್ನು ಕುಡಿದೀತು? ಅದು ಇಲಿಯ ವಂಶವನ್ನು ಅವಲಂಬಿಸಿದೆ ಎಂದು 1959ರಲ್ಲಿ ಅಮೆರಿಕದ ಮೆಕ್‌ಕ್ಲರ್ನ್ ಮತ್ತು ರಾಡ್ಜರ್ಸ್ ತೋರಿಸಿಕೊಟ್ಟರು.

ಅವರು ಆರಿಸಿಕೊಂಡವು ಶುದ್ಧ ತಳಿಯ ಇಲಿಗಳು. ಒಡಹುಟ್ಟಿದ ಗಂಡುಹೆಣ್ಣುಗಳನ್ನೇ 20 ಪೀಳಿಗೆಗಳಿಗೂ ಮೀರಿ ಕೂಡಿಸುತ್ತ ಬಂದರೆ, ಆ ತಳಿಯ ಇಲಿಗಳೆಲ್ಲವೂ ಜೀನುಗಳ ಮಟ್ಟಿಗೆ ತದ್ರೂಪಿ ಅವಳಿಗಳಂತಾಗುತ್ತವೆ. ‘ಸಿ57 ಬ್ಲ್ಯಾಕ್’ ಎಂಬ ಕಪ್ಪು ತಳಿಯ ಇಲಿಗಳು ಮದ್ಯದ ಸೀಸೆಯನ್ನೇ ಹೆಚ್ಚಾಗಿ ಆಶ್ರಯಿಸಿದವು. ‘ಡಿಬಿಎ’ ಎಂಬ ತಿಳಿಗಂದು ತಳಿಯವು ಅದನ್ನು ಬಹುಮಟ್ಟಿಗೆ ತೊರೆದವು. ಪರಿಸರ ಒಂದೇ ಆಗಿರುವಾಗ ಇಂಥ ವ್ಯತ್ಯಾಸಕ್ಕೆ ಅನುವಂಶೀಯತೆಯೇ ಕಾರಣವೆನ್ನಬೇಕು.

ಹಾಗಾದರೆ ಡಿಬಿಎ ಇಲಿಗೆ ಅಮಲೇ ಬೇಡವೆ? 1992ರಲ್ಲಿ ಕನ್ನಿಂಗ್‌ಹ್ಯಾಮ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಬೇರೆಯದನ್ನೇ ಹೇಳಿತು. ಮದ್ಯವನ್ನು ಬಾಯಿಗೆ ಸೋಕಿಸದೆ ಸೂಜಿಯಿಂದ ಕೊಟ್ಟು, ಪ್ರತಿಸಲವೂ ಇಲಿಯನ್ನು ಗೊತ್ತಾದ ಒಂದು ಬಗೆಯ ನೆಲದ ಮೇಲೆ ಇರಿಸಲಾಯಿತು. ಬಳಿಕ ತಾನಾಗಿ ಅಡ್ಡಾಡಲು ಬಿಟ್ಟಾಗ ಆ ನೆಲವನ್ನು ಹೆಚ್ಚಾಗಿ ಅರಸಿಹೋದದ್ದು ಡಿಬಿಎ ಇಲಿಯೇ! ಅದು ಒಲ್ಲದಿದ್ದುದು ಬಹುಶಃ ಮದ್ಯದ ರುಚಿಯನ್ನು, ಅಮಲನ್ನಲ್ಲ. ಕುಡಿಯುವ ಚಪಲವೂ ಅಮಲಿನಿಂದಾಗುವ ಸುಖವೂ ಒಂದೇ ಅಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಮತ್ತೊಂದು ತೊಡಕೂ ಉಂಟು. ತಾಮ್ರದ ತಂತಿಯ ವಿದ್ಯುನ್ನಿರೋಧವನ್ನು ಒಂದೇ ಉಷ್ಣತೆಯಲ್ಲಿ ಅಳೆದರೆ ಯಾವ ಊರಿನಲ್ಲಾದರೂ ಅದೇ ಬೆಲೆ ದೊರಕುತ್ತದೆ. ಇಲಿ ತಾಮ್ರದ ತಂತಿಯಲ್ಲ. 1999ರಲ್ಲಿ ಕ್ರ್ಯಾಬ್, ವಾಲ್‌ಸ್ಟನ್ ಮತ್ತು ಡುಡೆಕ್ ಎಂಬುವರು ಪೋರ್ಟ್‌ಲ್ಯಾಂಡ್, ಎಡ್ಮಂಟನ್, ಆಲ್ಬನಿ ಎಂಬ ಮೂರು ನಗರಗಳಲ್ಲಿ ಅವೇ ತಳಿಗಳನ್ನು, ಒಂದೇ ತರದ ಉಪಕರಣಗಳಿಂದ, ಏಕಕಾಲದಲ್ಲಿ ಪರೀಕ್ಷಿಸಿದರು. ಮದ್ಯಪಾನದಲ್ಲಿ ತಳಿಗಳ ನಡುವಣ ಭೇದ ಮೂರು ಕಡೆಯೂ ಹೊಂದಿಕೊಂಡಿತು. ಆದರೆ ಕೊಕೇನ್ ಕೊಟ್ಟಾಗ ಇಲಿಗಳು ತೋರುವ ಓಡಾಟದ ಉದ್ರೇಕ ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ಬೇರೆಯಾಯಿತು. ಕಣ್ಣಿಗೆ ಬೀಳದ ಅಲ್ಪ ಅಂತರಗಳೂ ಜೀನುಗಳ ಪರಿಣಾಮವನ್ನು ಮಾರ್ಪಡಿಸಬಲ್ಲವು.

“ತಂದೆ ಕುಡುಕ, ಮಗನೂ ಕುಡುಕನಾಗದಿರುವನೆ?” ಎಂಬ ಮಾತನ್ನು ನಾವು ಕೇಳುತ್ತಿರುತ್ತೇವೆ. ಮದ್ಯವ್ಯಸನಕ್ಕೆ ಈಡಾಗುವ ಸಂಭವದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧಭಾಗ ಅನುವಂಶೀಯವೆಂದು ಅವಳಿಗಳ ಅಧ್ಯಯನ ತಿಳಿಸುತ್ತದೆ. ಆದರೆ ಇದು ಸಮೂಹದ ಲೆಕ್ಕ. ಒಬ್ಬ ಹುಡುಗನ ಹಣೆಬರಹವಲ್ಲ. ಜೀನು ಒಲವನ್ನು ಕೊಡಬಹುದು, ತೀರ್ಪನ್ನು ಕೊಡಲಾರದು. ಮೇಲಾಗಿ, ಪಂಜರದ ಇಲಿಯ ಮುಂದೆ ಸೀಸೆಗಳನ್ನು ಇಡುವವರು ಬೇರೆಯವರು. ಮನುಷ್ಯಸಮಾಜದಲ್ಲಿ ಆ ಸೀಸೆಗಳನ್ನು ಇಡುವವರೂ ತೆಗೆಯಬಲ್ಲವರೂ ನಾವೇ.