ಎರಡು ನುಡಿಯ ಕೂಸು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಈ ತಾಲ್ಲೂಕುಗಳ ತುಂಬ ಲಂಬಾಣಿ ತಾಂಡಾಗಳಿವೆ. ಅಲ್ಲಿನ ಕೂಸು ತಾಯಿಯನ್ನು ‘ಯಾಡಿ’ ಅನ್ನುತ್ತದೆ, ನೀರಿಗೆ ‘ಪಾಣಿ’ ಅನ್ನುತ್ತದೆ. ಅದೇ ಕೂಸು ಕನ್ನಡದವರ ಮನೆ ಮುಂದೆ ನಿಂತರೆ ‘ನೀರು’ ಕೇಳುತ್ತದೆ. ಯಾರೊಡನೆ ಯಾವ ಮಾತು ಎಂಬುದನ್ನು ಅದಕ್ಕೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ. ಎರಡು ನುಡಿಗಳ ನಡುವೆ ಬೆಳೆಯುವ ಮಕ್ಕಳು ಎರಡು ವರ್ಷದ ಹೊತ್ತಿಗೇ ಎದುರಿನವರನ್ನು ನೋಡಿ ನುಡಿ ಬದಲಿಸಬಲ್ಲರು. ನನಗೆ ಇದು ಬರೀ ಪದಸಂಪತ್ತಲ್ಲ. ಎದುರಿಗಿರುವ ಮನುಷ್ಯ ತನ್ನಂತೆಯೇ ಅಲ್ಲ ಎಂಬ ಮೊದಲ ಅರಿವು.

ಆ ಅರಿವು ಮಾತಿಗಿಂತ ಮೊದಲೇ ಮೊಳೆಯುತ್ತದೆ. ವರ್ಷ ತುಂಬುವ ಹೊತ್ತಿಗೆ ಕೂಸು ಮೇಕೆಮರಿಯತ್ತ ಬೆರಳು ತೋರಿ, ತಿರುಗಿ ತಾಯಿಯ ಮುಖ ನೋಡುತ್ತದೆ: ನೀನೂ ಕಂಡೆಯಾ? ಆಗ ತಾಯಿ ಹೇಳುವ ಹೆಸರೇ ಅದರ ಮನಸ್ಸಿಗೆ ನಾಟುತ್ತದೆ. ಎರಡರ ಸುಮಾರಿಗೆ ‘ಅವ್ವ ಬಾ’, ‘ಬುವ್ವ ಬ್ಯಾಡ’ ಎಂಬ ಜೋಡಿ ಮಾತು. ಆಮೇಲೆ ಕಾಕಾ ಯಾರು, ಮುತ್ಯಾ ಯಾರು, ಯಾರ ಮುಂದೆ ಹಟ ನಡೆಯುತ್ತದೆ ಎಂಬ ಲೆಕ್ಕ. ನಾಲ್ಕರ ಆಸುಪಾಸಿನಲ್ಲಿ, ತನಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರಲಾರದು ಎಂಬುದೂ ಹೊಳೆಯುತ್ತದೆ.

ಅಂಗನವಾಡಿಯಲ್ಲಿ ಈ ಕೂಸಿನ ಕನ್ನಡ ಪದಗಳನ್ನಷ್ಟೇ ಎಣಿಸಿದರೆ ‘ಮಾತು ತಡ’ ಎನಿಸಿಬಿಡುತ್ತದೆ. ಅದು ಅನ್ಯಾಯ. ಎರಡೂ ನುಡಿಯ ಪದಗಳನ್ನು ಕೂಡಿಸಿ ನೋಡಬೇಕು. ಹೊಸ ನುಡಿಯ ನಡುವೆ ಕೆಲಕಾಲ ಬಾಯಿ ಬಿಡದ ಮಗು ಕೇಳಿಸಿಕೊಳ್ಳುತ್ತಿರುತ್ತದೆ. ಆದರೆ ಎರಡು ವರ್ಷವಾದರೂ ಯಾವ ನುಡಿಯಲ್ಲೂ ಮಾತಿಲ್ಲ, ಇಲ್ಲವೇ ಕರೆದರೆ ತಿರುಗುವುದಿಲ್ಲ ಎಂದರೆ ತಡಮಾಡದೆ ಕಿವಿ ಪರೀಕ್ಷೆ ಮಾಡಿಸಬೇಕು.

ನನ್ನ ಕಳವಳ ಗುಳೆಯದು. ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಹೊರಟವರೊಂದಿಗೆ ಚಿಕ್ಕ ಮಕ್ಕಳೂ ಹೋಗುತ್ತಾರೆ. ಮಾತಾಡಿಸುವ ಅಜ್ಜಿ ಹಿಂದೆ ಉಳಿಯುತ್ತಾಳೆ. ಬಸವಳಿದು ಬಂದ ತಾಯಿಗೆ ಕತೆ ಹೇಳುವ ತ್ರಾಣವಿರದು. ಗುಳೆ ಹೋಗದೆ ಊರಲ್ಲೇ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ 2023ರಲ್ಲಿ ಸರ್ಕಾರ ‘ಕೂಸಿನ ಮನೆ’ ಯೋಜನೆ ತಂದಿತು. ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಅಲ್ಲಿ ಮಕ್ಕಳನ್ನು ನೋಡಿಕೊಳ್ಳಲು ನೇಮಿಸುತ್ತಾರೆ. ತಾಂಡಾ ಇರುವ ಪಂಚಾಯಿತಿಗಳಲ್ಲಿ ಅವರೊಳಗೆ ಲಂಬಾಣಿ ಬಲ್ಲವಳೊಬ್ಬಳು ಇರಲೇಬೇಕು. ಉಣಿಸಿ ಮಲಗಿಸಿದ ಮೇಲೆ ಕೂಸಿನೊಂದಿಗೆ ಹರಟಲು ಅವಳಿಗೆ ಬಿಡುವೂ ಸಿಗಬೇಕು.